ಶೆಟ್ಟಿಹಳ್ಳಿಯ ಲಾರಿ ಯಲಹಂಕ ಮುಟ್ಟಿದ್ದು

ಆಯುಧಪೂಜೆಯ ದಿನ ಬೆಳಿಗ್ಗೆ ಏಳೂವರೆಗೆ ನಾವು ಶೆಟ್ಟಿಹಳ್ಳಿ ಬಿಟ್ಟೆವು. ನಾವು ಎಂದರೆ ಮೂರು ಜನ: ನಮ್ಮ ಮನೆ ಮಾಲೀಕರಾದ ಮುನಿರಾಜಣ್ಣ, ಅವರ ಹೆಂಡತಿ ಜಯಮ್ಮ, ಅವರ ಮಹಡಿ ಮನೆಯ ಬಾಡಿಗೆದಾರನಾದ ನಾನು. ಹೋಗಬೇಕಾಗಿದ್ದ ಊರು ಯಲಹಂಕ. ಎಂ.ಎಸ್. ಪಾಳ್ಯದ ಮೇಲೆ ಹೋದರೆ ಹನ್ನೆರಡು ಕಿಲೋಮೀಟರ್, ಸ್ಕೂಟರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾವು ಹೊರಟದ್ದು ಯಶವಂತಪುರ, ಮೇಖ್ರಿ ಸರ್ಕಲ್, ಹೆಬ್ಬಾಳ ಎಲ್ಲ ಸುತ್ತಿಕೊಂಡು, ಅದರ ಎರಡರಷ್ಟು ದೂರ, ವಯಸ್ಸಿನಲ್ಲಿ ನನಗಿಂತ ಹಿರಿದಾದ ಒಂದು ಲಾರಿಯಲ್ಲಿ. ಜನ ಕಾಶಿ ರಾಮೇಶ್ವರಕ್ಕೆ ಹೋಗಿ ಬಂದು ಪ್ರವಾಸ ಕಥನ ಬರೆಯುತ್ತಾರೆ. ನಾನು ಯಲಹಂಕಕ್ಕೆ ಹೋಗಿ ಬಂದದ್ದನ್ನು ಬರೆಯುತ್ತಿದ್ದೇನೆ. ನಗುವವರು ಪೂರ್ತಿ ಓದಿ ನಗಲಿ.

ಲಾರಿಯ ವಿಷಯ ಮೊದಲು ಹೇಳಬೇಕು. ಮಿಲಿಟರಿಯವರು ಹರಾಜು ಹಾಕಿದ್ದನ್ನು ಮುನಿರಾಜಣ್ಣನ ತಂದೆ ಕೊಂಡು ತಂದದ್ದು. ಪೆಟ್ರೋಲ್ ಎಂಜಿನ್ನು, ಮರದ ಬಾಡಿ, ಆನೆಯ ಹಣೆಯಂಥ ಬಾನೆಟ್ಟು. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅವರ ಹೊಲದ ರಾಗಿ, ಆಲೂಗಡ್ಡೆ ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿದ್ದದ್ದು ಇದರಲ್ಲೇ. ಅಣ್ಣ ಹನುಮಂತರಾಯಪ್ಪ ಡ್ರೈವರು, ತಮ್ಮ ಮುನಿರಾಜಣ್ಣ ಕ್ಲೀನರು. ತಮ್ಮನಿಗೂ ಹೆವಿ ಲೈಸೆನ್ಸ್ ಇತ್ತು, ಆದರೆ ಅಣ್ಣ ಒಂದು ದಿನವೂ ಸ್ಟೀರಿಂಗ್ ಬಿಟ್ಟುಕೊಡಲಿಲ್ಲ. ಆಮೇಲೆ ಹೊಲಗಳು ಸೈಟುಗಳಾದವು, ಸೈಟುಗಳು ಬಿಲ್ಡಿಂಗುಗಳಾದವು. ಅಣ್ಣ ತನ್ನ ಪಾಲು ತೆಗೆದುಕೊಂಡು ಹೆಂಡತಿಯ ಊರಾದ ಯಲಹಂಕದಲ್ಲಿ ಮನೆ ಕಟ್ಟಿದರು. ಜಮೀನು, ಬಾವಿ, ಹಿತ್ತಾಳೆ ಹಂಡೆಯವರೆಗೆ ಎಲ್ಲ ಭಾಗವಾಯಿತು. ಭಾಗವಾಗದೆ ಉಳಿದದ್ದು ಶೆಡ್ಡಿನಲ್ಲಿದ್ದ ಈ ಲಾರಿ ಒಂದೇ.

ಅದಕ್ಕೂ ಒಂದು ತೀರ್ಮಾನ ಬಂತು. ಹಬ್ಬಕ್ಕೆ ಎರಡು ವಾರ ಇರುವಾಗ ಮುನಿರಾಜಣ್ಣ ಮಹಡಿ ಹತ್ತಿ ಬಂದು ನನ್ನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಫೋನು ಇನ್ನೂ ಹಾಗೇ ಇತ್ತು.

"ನಮ್ಮಣ್ಣ ಏನಂದ ಗೊತ್ತಾ ಬಸವರಾಜು? ಆಯುಧಪೂಜೆ ದಿನ, ಪೂಜೆ ಮುಗಿಯೋದ್ರೊಳಗೆ ಲಾರಿನ ನನ್ ಮನೆ ಬಾಗ್ಲಿಗೆ ಓಡಿಸ್ಕೊಂಡ್ ಬಾ, ನಿಂದೇ ಅಂತ ಬಿಟ್ಕೊಡ್ತೀನಿ. ಎಳಿಸ್ಕೊಂಡ್ ಬಂದ್ರೆ ಅವತ್ತೇ ಗುಜರಿಗೆ. ಸಂದಿಗೊಂದಿಲಿ ಬರಂಗಿಲ್ಲ, ನಾನ್ ಓಡಿಸ್ತಿದ್ ದಾರೀಲೇ ಬರ್ಬೇಕು, ಯಾರ್ಡ್ ಮುಂದ್ಲಿಂದ. ಆಮೇಲೆ ಏನಂದ ಗೊತ್ತಾ? ನೀನು ಕ್ಲೀನರ್ರು ಕಣೋ, ನಿನ್ ಕೈಲಿ ಎಲ್ಲಾಯ್ತದೆ, ಅಂದ."

ಕೊನೆಯ ಮಾತು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಅರವತ್ತೈದು ದಾಟಿದ ಮನುಷ್ಯ, ಮೂರು ಬಿಲ್ಡಿಂಗಿನ ಯಜಮಾನ, ಮೊಮ್ಮಕ್ಕಳನ್ನು ಕಂಡವರು. ಲಾರಿ ಗುಜರಿಗೆ ಹೋದರೆ ಅವರಿಗೆ ನಷ್ಟವೇನೂ ಇರಲಿಲ್ಲ. ಆದರೆ ಅದು ಹೋದರೆ ಆ ಮಾತು ಸಾಯುವವರೆಗೂ ನಿಜವಾಗಿ ಉಳಿಯುತ್ತಿತ್ತು.

ನಾನು ಬೈಲಹೊಂಗಲದ ಕಡೆಯವನು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಸಾಮಾನಿನ ಅಳತೆ ಪರೀಕ್ಷಿಸುವುದು ನನ್ನ ಕೆಲಸ. ಸುಮ್ಮನೆ ಕೂರುವುದು ನನ್ನ ಜಾತಕದಲ್ಲಿ ಇಲ್ಲ. ರಜೆ ಬಂದರೆ ಮಿಕ್ಸಿ ಬಿಚ್ಚುತ್ತೇನೆ, ಫ್ಯಾನು ಬಿಚ್ಚುತ್ತೇನೆ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡರೆ ಹೆಂಡತಿ ಗಡಿಯಾರ ಎತ್ತಿಡುತ್ತಾಳೆ. ಹೀಗಾಗಿ ಲಾರಿ ರೆಡಿ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಬಿತ್ತು ಅನ್ನುವುದೂ ಸುಳ್ಳು, ನಾನೇ ಕೊರಳು ಚಾಚಿದೆ.

ಟ್ಯಾಂಕು ತೊಳೆದು, ಬ್ರೇಕು ಸರಿಮಾಡಿಸಿ, ಹೊಸ ಬ್ಯಾಟರಿ ಕೂರಿಸಿದರೂ ಎಂಜಿನ್ನು ಹಿಡಿಯಲಿಲ್ಲ. ತೊಂದರೆ ಇದ್ದದ್ದು ಡಿಸ್ಟ್ರಿಬ್ಯೂಟರಿನಲ್ಲಿ. ಗೊತ್ತಿಲ್ಲದವರಿಗೆ ಒಂದು ಮಾತು: ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಅದರದರ ಸರದಿಗೆ ಕಿಡಿ ಹಂಚುವ ಡಬ್ಬಿ ಅದು. ಪಂಕ್ತಿಯಲ್ಲಿ ಬಡಿಸುವವನ ಹಾಗೆ. ಬೇಗ ಬಡಿಸಿದರೂ ಕಷ್ಟ, ತಡವಾಗಿ ಬಡಿಸಿದರೂ ಕಷ್ಟ. ಆ ಹೊತ್ತನ್ನು ಕೂಡಿಸುವುದಕ್ಕೇ ಟೈಮಿಂಗ್ ಇಡುವುದು ಅನ್ನುತ್ತಾರೆ. ಹಳೆಯ ಡಿಸ್ಟ್ರಿಬ್ಯೂಟರಿನ ಒಳಗಿನ ದಂಡ ಸವೆದು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ಅಂಥದೇ ಇನ್ನೊಂದಕ್ಕಾಗಿ ನಾನು ನಾಲ್ಕು ಸಂಜೆ ಊರೆಲ್ಲ ಅಲೆದೆ. ಕೊನೆಗೆ ಆರ್.ಟಿ. ನಗರದ ಒಂದು ಹಳೆಯ ಅಂಗಡಿಯಲ್ಲಿ ಸಿಕ್ಕಿತು, ಎಣ್ಣೆ ಕಾಗದ ಸುತ್ತಿದ್ದು, ಒಮ್ಮೆಯೂ ಬಳಸದ್ದು.

ಹಬ್ಬದ ಹಿಂದಿನ ದಿನ ಅದನ್ನು ಕೂರಿಸಿದೆ. ಎಂಜಿನ್ನಿನ ಮುಂದುಗಡೆ, ರೇಡಿಯೇಟರಿನ ಹಿಂದೆ, ಒಂದು ದೊಡ್ಡ ಗಾಲಿ ಇರುತ್ತದೆ; ಪುಲ್ಲಿ ಅನ್ನುತ್ತಾರೆ. ಅದರ ಅಂಚಿನಲ್ಲಿ ತಯಾರಿಸಿದವರು ಒಂದು ಗುರುತು ಹಾಕಿರುತ್ತಾರೆ. ಆ ಗುರುತು ಪಕ್ಕದ ಮುಳ್ಳಿನ ನೇರಕ್ಕೆ ಬಂದಾಗ ಮೊದಲ ಸಿಲಿಂಡರಿಗೆ ಕಿಡಿ ಬೀಳಬೇಕು. ಪುಲ್ಲಿಯ ಮೇಲೆ ಅಂಗೈ ದಪ್ಪ ಜಿಡ್ಡು. ಸೀಮೆಎಣ್ಣೆ ಬಟ್ಟೆಯಲ್ಲಿ ಕೈಗೆಟುಕಿದಷ್ಟು ಒರೆಸಿದೆ. ಒಂದು ಕೆಂಪು ಚುಕ್ಕೆ ಕಂಡಿತು, ಗಟ್ಟಿಯಾಗಿ, ದುಂಡಗೆ, ಅಂಚಿನ ಮೇಲೇ. ಸಂತೋಷದಿಂದ ನನಗೆ ಸಿಳ್ಳೆ ಹೊಡೆಯುವ ಹಾಗಾಯಿತು. ಚುಕ್ಕೆಯನ್ನು ಮುಳ್ಳಿಗೆ ಹೊಂದಿಸಿ, ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ, ಸರಿಯಾಗಿ ಬಲ್ಬು ಹತ್ತುವ ಜಾಗಕ್ಕೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಬೋಲ್ಟು ಬಿಗಿದೆ. ಮುನಿರಾಜಣ್ಣ ಮುಂದಿನಿಂದ ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಹಾಕಿ ಎಂಟು ಹತ್ತು ಸಲ ಸುತ್ತಿದ ಮೇಲೆ ಎಂಜಿನ್ನು ಕೆಮ್ಮಿ, ಸೀನಿ, ಹಿಡಿದುಕೊಂಡಿತು. ಜಯಮ್ಮ ಒಳಗಿನಿಂದ ಓಡಿ ಬಂದು ಕಣ್ಣೊರೆಸಿಕೊಂಡರು. ಸದ್ದು ಅಷ್ಟು ಚೆನ್ನಾಗಿರಲಿಲ್ಲ, ಆದರೆ ಅದನ್ನು ಆ ಹೊತ್ತಿನಲ್ಲಿ ಯಾರು ಹೇಳುತ್ತಾರೆ.

ಹೊರಟ ಬೆಳಿಗ್ಗೆ ಆಕಾಶ ಮೋಡ ಹಾಕಿತ್ತು, ಮಳೆ ಇರಲಿಲ್ಲ. ಲಾರಿಯ ಮುಂದಕ್ಕೆ ಎರಡು ಬಾಳೆಕಂದು, ಚೆಂಡುಹೂವಿನ ಹಾರ. ಮುನಿರಾಜಣ್ಣ ಸ್ಟೀರಿಂಗ್ ಹಿಡಿದರು, ನಡುವೆ ಜಯಮ್ಮ ಪೂಜೆಯ ಬುಟ್ಟಿಯ ಸಮೇತ, ಎಡಗಡೆ ನಾನು ಕಾಲ ಬಳಿ ಸ್ಪ್ಯಾನರಿನ ಚೀಲ ಇಟ್ಟುಕೊಂಡು. ಕ್ಯಾಬಿನ್ನಿನಲ್ಲಿ ಹಲಗೆ ಸೀಟು, ಕಾಲಡಿಯ ತಗಡು ಬಿಸಿ. ಗಂಗಮ್ಮನ ಗುಡಿಯ ಸರ್ಕಲ್ಲಿನಲ್ಲಿ ಮುನಿರಾಜಣ್ಣ ಗೇರ್ ಬದಲಿಸಿದಾಗ ಲಾರಿ ಎತ್ತು ಮುಗ್ಗರಿಸಿದ ಹಾಗೆ ಮುಗ್ಗರಿಸಿತು.

"ಕ್ಲಚ್ ಇನ್ನೂ ಕೈಗೆ ಬಂದಿಲ್ಲ," ಎಂದರು.

"ಕಾಲಿಗ್ ಬರ್ಬೇಕಲ್ವಾ ಅದು," ಎಂದರು ಜಯಮ್ಮ.

ಮೊದಲ ನಾಲ್ಕು ಕಿಲೋಮೀಟರಿನಲ್ಲಿ ನಾನು ಎಷ್ಟು ಸಲ ಕೂತಲ್ಲೇ ಎದ್ದು ಕೂತೆನೋ ಗೊತ್ತಿಲ್ಲ. ಜಾಲಹಳ್ಳಿ ಕ್ರಾಸಿನಲ್ಲಿ ತುಮಕೂರು ರಸ್ತೆಗೆ ತಿರುಗುವಾಗಲೇ ಎಂಜಿನ್ನು ಸರಿಯಿಲ್ಲ ಅನ್ನಿಸಿತು. ಆಕ್ಸಿಲರೇಟರ್ ಒತ್ತಿದರೆ ಮೇಲೇಳಬೇಕಾದ್ದು ಗೊಣಗುತ್ತಿತ್ತು. ಸೈಲೆನ್ಸರಿನಲ್ಲಿ ಆಗಾಗ ಡಬ್ ಎಂದು ಪಟಾಕಿ ಹಾರುತ್ತಿತ್ತು. ಪಕ್ಕದಲ್ಲಿ ಹೋಗುತ್ತಿದ್ದ ಆಟೋದವನು ಇಣುಕಿ, "ದೀಪಾವಳಿ ಇನ್ನೂ ದೂರ ಐತೆ ಗುರೂ," ಎಂದು ಕೂಗಿ ಹೋದ. ನಾನು ಕಾರ್ಬ್ಯುರೇಟರನ್ನು ಬೈದೆ. ಪೆಟ್ರೋಲನ್ನು ಬೈದೆ. ಹಳೆಯ ಪ್ಲಗ್ಗುಗಳನ್ನು ಬೈದೆ. ನನ್ನ ಟೈಮಿಂಗನ್ನು ಬೈಯಬೇಕು ಎಂದು ಒಮ್ಮೆಯೂ ಹೊಳೆಯಲಿಲ್ಲ, ಏಕೆಂದರೆ ಅದನ್ನು ನಾನು ಗುರುತು ನೋಡಿ ಇಟ್ಟಿದ್ದೆ. ಇಪ್ಪತ್ತು ವರ್ಷ ಗುರುತು ನೋಡಿ ಅನ್ನ ತಿಂದವನು ನಾನು.

ಯಶವಂತಪುರದ ಯಾರ್ಡಿನ ಮುಂದೆ ಕುಂಬಳಕಾಯಿಯ ಗುಡ್ಡೆಗಳು. ಬೂದುಗುಂಬಳ, ನಿಂಬೆಹಣ್ಣು, ಬಾಳೆಕಂದು, ಕಡಲೆಪುರಿ, ಕಾಲಿಡಲು ಜಾಗವಿಲ್ಲ. ಮುನಿರಾಜಣ್ಣ ಗೇಟಿನ ಎದುರು ಲಾರಿ ನಿಲ್ಲಿಸಿದರು, ಎಂಜಿನ್ ಮಾತ್ರ ಆಫ್ ಮಾಡಲಿಲ್ಲ. ಇಳಿಯಲೂ ಇಲ್ಲ. ಕಿಟಕಿಯಿಂದ ಮೊಣಕೈ ಹೊರಗೆ ಹಾಕಿ, ಬಿಗಿಯಾಗಿ ಕೂತು, ಯಾರಾದರೂ ಹಳಬರು ನೋಡುತ್ತಾರೇನೋ ಎಂದು ಅತ್ತ ಇತ್ತ ನೋಡಿದರು. ಯಾರೂ ನೋಡಲಿಲ್ಲ. ಅವರ ಕಾಲದ ಹಮಾಲರೆಲ್ಲ ಹೋಗಿ ಈಗ ಇದ್ದವರು ರಾಯಚೂರು, ಯಾದಗಿರಿ ಕಡೆಯ ಹುಡುಗರು. ನಾನು ಇಳಿದು ಮೂರು ಕಾಫಿ ತಂದೆ, ಒಂದಕ್ಕೆ ಹದಿನೈದು ರೂಪಾಯಿ, ನೀರಿನಂತಿತ್ತು. ಜಯಮ್ಮ ಒಂದು ಬೂದುಗುಂಬಳ ಕೊಂಡರು. ರೇಡಿಯೇಟರಿನ ಮೇಲೆ ಕೈ ಇಟ್ಟೆ, ಸುಟ್ಟಿತು. ಇಷ್ಟು ಬೇಗ ಹೀಗೆ ಕಾಯಬಾರದಿತ್ತು.

"ಗೌಡ್ರ, ಎಂಜಿನ್ ಸ್ವಲ್ಪ ಹೊತ್ತು ನಿಂದ್ರಿಸೂಣೇನ್ರಿ?" ಎಂದು ಮುನಿರಾಜಣ್ಣನನ್ನು ಕೇಳಿದೆ. ನನಗೆ ಗಾಬರಿಯಾದಾಗ ಬೈಲಹೊಂಗಲ ಬಾಯಿಗೆ ಬರುತ್ತದೆ.

"ನಿಲ್ಸುದ್ರೆ ಮತ್ತೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ? ಇಲ್ಲಿ, ಯಾರ್ಡ್ ಮುಂದೆ? ನಡಿ ನಡಿ, ಗಾಡಿ ಅತ್ತು."

ಅಲ್ಲಿಂದ ಮೇಖ್ರಿ ಸರ್ಕಲ್ಲಿನವರೆಗಿನ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಮುಂದೆ ಕಾಣುತ್ತಿದ್ದ ರಸ್ತೆಗಿಂತ ಟೆಂಪರೇಚರ್ ಮುಳ್ಳನ್ನೇ ನೋಡುತ್ತಿದ್ದೆ. ರಸ್ತೆಯಲ್ಲಿ ಅಲ್ಲಲ್ಲಿ ಒಡೆದ ಕುಂಬಳಕಾಯಿ, ಬೈಕಿನವರು ಜಾರುತ್ತಿದ್ದರು. ಬಸ್ಸು, ಕಾರು, ಜೆಸಿಬಿ ಎಲ್ಲಕ್ಕೂ ಹಾರ, ಎಲ್ಲಕ್ಕೂ ವಿಭೂತಿಯ ಪಟ್ಟೆ. ಎಲ್ಲರೂ ಹಬ್ಬಕ್ಕೆ ಹೊರಟವರು, ನಾವು ಪರೀಕ್ಷೆಗೆ ಹೊರಟವರು. ಮೇಖ್ರಿ ಸರ್ಕಲ್ಲಿನಲ್ಲಿ ಬಳ್ಳಾರಿ ರಸ್ತೆಗೆ ತಿರುಗಿದ ಮೇಲೆ ಲಾರಿ ಇಪ್ಪತ್ತರ ವೇಗ ದಾಟಲಿಲ್ಲ. ಮುನಿರಾಜಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಜಯಮ್ಮ ಬುಟ್ಟಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಗಲೇ ಹತ್ತು ಗಂಟೆ ಹತ್ತಿರವಾಗಿತ್ತು, ಯಲಹಂಕದಲ್ಲಿ ಪೂಜೆ ಹನ್ನೊಂದೂವರೆಗೆ.

ಹೆಬ್ಬಾಳದ ಫ್ಲೈಓವರ್ ಎದುರಿಗೆ ಬಂತು. ಕಾರಿನಲ್ಲಿ ಹೋಗುವವರಿಗೆ ಅದು ಏರು ಎಂದೂ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಯಿತು. ಒಂದಿಪ್ಪತ್ತು ಮಾರು ಹತ್ತಿದ್ದೇವೋ ಇಲ್ಲವೋ, ಎಂಜಿನ್ನಿನ ಉಸಿರು ಕಟ್ಟಿತು. ಮುನಿರಾಜಣ್ಣ ಒಂದನೇ ಗೇರಿಗೆ ಹಾಕಿದರು. ಲಾರಿ ಎರಡು ಸಲ ನಡುಗಿ, ಡಬ್ ಎಂದು ಒಂದು ದೊಡ್ಡ ಪಟಾಕಿ ಹಾರಿಸಿ, ನಿಂತೇಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಹಿಂದೆ ವಿಮಾನ ಹಿಡಿಯಲು ಹೊರಟವರ ಸಾಲು, ಒಂದೇ ಸಮನೆ ಹಾರ್ನು.

ಟ್ರಾಫಿಕ್ ಕಾನ್‌ಸ್ಟೇಬಲ್ ಒಬ್ಬರು ಓಡಿ ಬಂದರು. ಅವರ ಬೈಕಿಗೂ ಒಂದು ಮೊಳ ಸೇವಂತಿಗೆ ಕಟ್ಟಿತ್ತು. ಲಾರಿಯನ್ನು ಮೇಲಿಂದ ಕೆಳಗೆ ನೋಡಿ ಹಣೆ ಚಚ್ಚಿಕೊಂಡರು.

"ಇದನ್ನ ಯಾಕ್ರೀ ಹಬ್ಬದ್ ದಿನ ರೋಡಿಗ್ ತಂದ್ರಿ? ಇರಿ, ಕ್ರೇನ್ ಕರೀತೀನಿ. ಎಳ್ಕೊಂಡ್ ಹೋಗಿ ಆ ಕಡೆ ಬಿಡ್ತಾರೆ."

ಎಳೆಯುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ಮುನಿರಾಜಣ್ಣ ಸೀಟಿನಿಂದ ಧುಮುಕಿದರು. "ಸಾಮಿ, ಕೈ ಮುಗೀತೀನಿ, ಎಳೀಬ್ಯಾಡಿ. ಅಗ್ಗ ಮಾತ್ರ ಕಟ್ಬ್ಯಾಡಿ ಇದಕ್ಕೆ. ಇನ್ನೇನ್ ಬೇಕಾದ್ರೂ ಮಾಡಿ."

"ಹಗ್ಗ ಕಟ್ಟಿದ್ರೆ ಏನಾಗುತ್ರೀ?"

ಮುನಿರಾಜಣ್ಣ ಹಗ್ಗ ಕಟ್ಟುವ ಜಾಗಕ್ಕೇ, ಬಂಪರಿಗೆ, ಬೆನ್ನು ಕೊಟ್ಟು ನಿಂತುಬಿಟ್ಟರು. ಜಯಮ್ಮ ಇಳಿದು ಬಂದು ಎರಡೇ ಮಾತಿನಲ್ಲಿ ಅಣ್ಣತಮ್ಮಂದಿರ ಕಥೆ ಹೇಳಿದರು. ಕಾನ್‌ಸ್ಟೇಬಲ್ಲಿಗೂ ಒಬ್ಬ ಅಣ್ಣ ಇದ್ದನೆಂದು ಕಾಣುತ್ತದೆ. ಆಮೇಲೆ ಹಿಂದಿನ ಸಾಲನ್ನು ಸೀಟಿ ಊದಿ ತಡೆದು, ಲಾರಿಯನ್ನು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಸಿಕೊಂಡು ಬರಲು ಜಾಗ ಮಾಡಿಕೊಟ್ಟರು. ಕೆಳಗೆ ಎಡಗಡೆಯ ಸರ್ವೀಸ್ ರಸ್ತೆಗೆ ತಂದು ನಿಲ್ಲಿಸಿದೆವು. "ಕ್ರೇನು ಈಗ ಕೊಡಿಗೇಹಳ್ಳಿಲಿದೆ. ಅದು ಬರೋದ್ರೊಳಗೆ ನೀವ್ ಇಲ್ಲಿರ್ಬಾರ್ದು," ಎಂದು ಹೇಳಿ ಹೋದರು.

ನಾನು ಬಾನೆಟ್ಟಿನ ಪಕ್ಕದ ತಗಡು ಎತ್ತಿದೆ. ಪ್ಲಗ್ ಬಿಚ್ಚಿದೆ, ಹಾಕಿದೆ. ಪೆಟ್ರೋಲ್ ಪೈಪು ಬಿಚ್ಚಿದೆ, ಊದಿದೆ, ಹಾಕಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗೆ ನೋಡಿದೆ. ಹೊಸ ಮದುಮಗನ ಹಾಗೆ ಫಳಫಳ ಹೊಳೆಯುತ್ತಿತ್ತು. ಮುನಿರಾಜಣ್ಣ ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ಕೊಡಿಗೇಹಳ್ಳಿಯ ದಿಕ್ಕನ್ನೇ ನೋಡುತ್ತಿದ್ದರು.

"ಟೈಮಿಂಗ್ ಸರಿ ಐತಾ ಬಸವರಾಜು?" ಎಂದರು, ಮೆಲ್ಲಗೆ.

ನನಗೆ ಸಿಟ್ಟು ಬಂತು. "ಗೌಡ್ರ, ಟೈಮಿಂಗ್ ಮಾತ್ರ ಕೇಳಬ್ಯಾಡ್ರಿ. ಇಲ್ನೋಡ್ರಿ, ಕಂಪನಿಯವ್ರು ಹಾಕಿದ್ ಗುರುತು. ಈ ಕೆಂಪು ಚುಕ್ಕಿಗೆ ಕೂದಲೆಳಿ ಹೆಚ್ಚುಕಡಿಮಿ ಆಗದಂಗ ಕೂಡಿಸೇನಿ ನಾ."

ಸ್ಪ್ಯಾನರಿನ ತುದಿಯಿಂದ ಪುಲ್ಲಿಯ ಚುಕ್ಕೆ ತೋರಿಸಿದೆ. ಮುನಿರಾಜಣ್ಣ ಏಳಲಿಲ್ಲ. ಎದ್ದು ಬಂದವರು ಜಯಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದರು.

"ಯಾವ್ದು, ಇದಾ? ಇದು ನಾನಿಕ್ಕಿರೋ ಬೊಟ್ಟು ಕಣಪ್ಪ."

ನಾನು ಸ್ಪ್ಯಾನರ್ ಹಿಡಿದುಕೊಂಡು ಹಾಗೇ ನಿಂತೆ. "ಏನಂದ್ರಿ ಅಕ್ಕಾರ?"

"ಬೊಟ್ಟು ಕಣಪ್ಪ, ಕುಂಕುಮದ್ದು. ಶೆಡ್ನಲ್ಲಿ ನಿಂತಿದ್ರೂ ವರ್ಸ್ ವರ್ಸ ಪೂಜೆ ಮಾಡ್ತಿದ್ನಲ್ಲ ನಾನು. ಗುಂಡಗಿರೋದಕ್ಕೆಲ್ಲಾ ಇಕ್ತೀನಿ. ಚಕ್ರಕ್ಕೆ, ಸ್ಟೀರಿಂಗ್ಗೆ, ಇದಕ್ಕೆ. ಎಣ್ಣೇಲಿ ಕಲ್ಸಿ ಇಕ್ಕುದ್ರೆ ಅಂಗೇ ನಿಲ್ತೈತೆ ಅಂತ ನಮ್ಮತ್ತೆ ಏಳ್ಕೊಟ್ಟಿದ್ರು. ಮೂರ್ ಕಡೆ ಇಕ್ಬೇಕು, ಒಂದೇ ಇಕ್ಬಾರ್ದು. ಇನ್ನೆರಡು ಆ ಕಡೆ ಇರ್ಬೇಕ್ ನೋಡು."

ಹ್ಯಾಂಡಲ್ ಹಿಡಿದು ಪುಲ್ಲಿಯನ್ನು ಒಂದು ಸುತ್ತು ತಿರುಗಿಸಿ ಒರೆಸಿದೆ. ಇನ್ನೆರಡು ಆ ಕಡೆ ಇದ್ದವು. ಹಳೆಯ ವರ್ಷಗಳ ಮಸುಕು ಚುಕ್ಕೆಗಳೂ ಅವುಗಳ ಸುತ್ತ ಇದ್ದವು. ಇಡೀ ಪುಲ್ಲಿಗೆ ಅಮ್ಮ ಎದ್ದ ಹಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುನಿರಾಜಣ್ಣ ನನ್ನ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿ, ಬೆಳಿಗ್ಗೆಯಿಂದ ಮೊದಲ ಸಲ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಜಯಮ್ಮನಿಗೆ ಮಾತ್ರ ಏನು ತಪ್ಪಾಯಿತೆಂದು ಅರ್ಥವಾಗಲಿಲ್ಲ. "ಕುಂಕುಮ ಇಕ್ಕುದ್ರೆ ಗಾಡಿ ನಿಂತೋಯ್ತದಾ? ಎಲ್ಲೂ ಇಲ್ದಿದ್ದು," ಎಂದು ರೇಗಿದರು.

ಇನ್ನೊಮ್ಮೆ ಉಜ್ಜಿದೆ. ನಿಜವಾದ ಗುರುತು ಸಿಕ್ಕಿತು. ಉಗುರಿನಷ್ಟು ಉದ್ದದ ಒಂದು ಗೀರು, ಜಿಡ್ಡು ತುಂಬಿಕೊಂಡಿತ್ತು, ಬೊಟ್ಟಿನಿಂದ ಎರಡು ಬೆರಳು ಆಚೆ. ನನ್ನ ಕಿಡಿ ಅಷ್ಟು ತಡವಾಗಿ ಬೀಳುತ್ತಿತ್ತು. ಬಲವಿಲ್ಲದೆ ಗೊಣಗಿದ್ದು, ಪಟಾಕಿ ಹಾರಿಸಿದ್ದು, ಕಾದು ಕೆಂಡವಾದದ್ದು ಎಲ್ಲ ಅದಕ್ಕೇ. ಆದರೆ ಈಗ ಯಾವ ಗುರುತನ್ನೂ ನಂಬುವ ಧೈರ್ಯ ನನಗಿರಲಿಲ್ಲ. ಆ ಗೀರು ನಿಜವೇ ಎಂದು ನೋಡಲು ಒಂದು ಹಳೆಯ ಉಪಾಯವಿದೆ. ಮೊದಲ ಸಿಲಿಂಡರಿನ ಪ್ಲಗ್ಗು ತೆಗೆದು ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಬೇಕು. ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದಾಗ ಗಾಳಿ ಬೆರಳನ್ನು ನೂಕಬೇಕು, ನೂಕುತ್ತಿರುವಾಗಲೇ ಗೀರು ಮುಳ್ಳಿನ ಹತ್ತಿರ ಬರಬೇಕು. ಇದಕ್ಕೆ ಮೂರು ಜನ ಬೇಕು. ನಾವು ಮೂರು ಜನ ಇದ್ದೆವು.

ಮುನಿರಾಜಣ್ಣ ಮುಂದೆ ನಿಂತು ಹ್ಯಾಂಡಲ್ ಹಿಡಿದರು. ನಾನು ಪುಲ್ಲಿಯ ಮೇಲೆ ಕಣ್ಣಿಟ್ಟೆ. ಜಯಮ್ಮ ಬಳೆ ಮೇಲಕ್ಕೆ ಸರಿಸಿಕೊಂಡು, ಎಂಜಿನ್ನಿಗೆ ಸೀರೆ ತಾಗದ ಹಾಗೆ ಓರೆಯಾಗಿ ನಿಂತು, ಹೆಬ್ಬೆರಳು ಇಟ್ಟರು.

"ನಿಧಾನಕ ತಿರುಗಸ್ರಿ ಗೌಡ್ರ. ಅಕ್ಕಾರ, ಗಾಳಿ ನೂಕಿದ್ರ ಹೇಳ್ರಿ."

"ಇಲ್ಲ. ಇಲ್ಲ. ಎಳ್ಕಂತೈತೆ ಒಳಿಕ್ಕೆ. ಇಲ್ಲ. ಅಯ್ಯೋ, ನೂಕ್ತಾ ಐತೆ! ಬೆರಳ್ ಎತ್ತಾಕ್ತೈತೆ ಕಣ್ರೀ!"

"ಬಿಡಬ್ಯಾಡ್ರಿ!"

"ನಾನೆಲ್ಲಿ ಬಿಡ್ತೀನಿ, ಅದೇ ಬಿಡಿಸ್ಕಂತೈತೆ!"

ಗೀರು ಮುಳ್ಳಿನ ಹತ್ತಿರ ಬರುತ್ತಿತ್ತು. "ನಿಂದ್ರಸ್ರಿ," ಎಂದೆ. ಮುನಿರಾಜಣ್ಣ ಎರಡೂ ಕೈಯಲ್ಲಿ ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿದು ನಿಂತರು, ಹೆಗಲ ನರ ಉಬ್ಬಿತ್ತು. ಹಾದು ಹೋಗುವ ಬಸ್ಸಿನವರು ಕಿಟಕಿಯಿಂದ ನೋಡುತ್ತಿದ್ದರು. ನಾನು ಬಲ್ಬಿನ ವೈರು ಸಿಕ್ಕಿಸಿ, ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಆ ಡಬ್ಬಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಬಂದೆ. ಬಲ್ಬು ಹತ್ತಿತು. ಹಿಂದಕ್ಕೆ ತಂದೆ, ಆರಿತು. ಮತ್ತೆ ಮುಂದಕ್ಕೆ, ಹತ್ತಿತು. ಅಲ್ಲೇ ಬೋಲ್ಟು ಬಿಗಿದೆ. ಜಯಮ್ಮ ಕಪ್ಪಾದ ಹೆಬ್ಬೆರಳನ್ನು ನೋಡಿಕೊಂಡು, "ಭಾಗದ್ ಪತ್ರಕ್ಕೂ ಇಷ್ಟ್ ಒತ್ತಿ ಎಬ್ಬೆಟ್ ಇಕ್ಕಿರ್ಲಿಲ್ಲ," ಎಂದರು.

ಲಾರಿಯ ಹಿಂದೆ ತಂದಿದ್ದ ಎರಡು ಬಿಂದಿಗೆ ನೀರನ್ನು ರೇಡಿಯೇಟರಿಗೆ ಹಾಕಿ, ಪ್ಲಗ್ಗು ಕೂರಿಸಿದೆ. ಮುನಿರಾಜಣ್ಣ ಸೀಟಿಗೆ ಹತ್ತಿದರು. ಆಗ ಫ್ಲೈಓವರಿನ ಇಳಿಜಾರಿನಲ್ಲಿ ಹಳದಿ ದೀಪ ತಿರುಗಿಸುತ್ತ ಕ್ರೇನು ಬರುತ್ತಿದ್ದದ್ದು ಕಂಡಿತು. ಮುನಿರಾಜಣ್ಣನೂ ಅದನ್ನು ನೋಡಿದರು. ಸ್ವಿಚ್ಚು ಒತ್ತಿದರು. ಎಂಜಿನ್ನು ಅರ್ಧ ಸುತ್ತೂ ತಿರುಗಲಿಲ್ಲ, ಹಿಡಿಯಿತು. ಕೆಮ್ಮಲಿಲ್ಲ, ಸೀನಲಿಲ್ಲ. ಒಂದೇ ಸಮನೆ, ದಪ್ಪಗೆ, ಬೀಸುವ ಕಲ್ಲಿನ ಹಾಗೆ ಸದ್ದು. ಮುನಿರಾಜಣ್ಣ ಕಣ್ಣು ಮುಚ್ಚಿಕೊಂಡರು.

"ಇದೇ," ಎಂದರು. "ನಮ್ಮಪ್ಪ ಇದ್ದಾಗ ಇದೇ ಸದ್ದು."

ನನಗೂ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೋಗುವಾಗ ಕಾನ್‌ಸ್ಟೇಬಲ್ ಕೈ ಬೀಸಿ ದಾರಿ ಬಿಡಿಸಿದರು. ಫ್ಲೈಓವರನ್ನು ಎರಡನೇ ಗೇರಿನಲ್ಲಿ ಹತ್ತಿದೆವು. ತುದಿಯಲ್ಲಿ ಎಡಕ್ಕೆ ಹೆಬ್ಬಾಳ ಕೆರೆ ಕಂಡಿತು, ಮೋಡದ ಬಣ್ಣದ ನೀರು, ದಡದಲ್ಲಿ ಬೆಳ್ಳಕ್ಕಿಗಳು. ಎಷ್ಟೋ ಸಲ ಬಸ್ಸಿನಲ್ಲಿ ದಾಟಿದ ಜಾಗ, ಅಂದು ಹೊಸದಾಗಿ ಕಂಡಿತು. ಬ್ಯಾಟರಾಯನಪುರ, ಜಕ್ಕೂರು ದಾಟುವವರೆಗೆ ಮುನಿರಾಜಣ್ಣ ಮೂರನೇ ಗೇರಿನಿಂದ ಇಳಿಯಲಿಲ್ಲ. ಆದರೂ ನಾನು ಟೆಂಪರೇಚರ್ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಹನ್ನೊಂದೂ ಕಾಲಾಗಿತ್ತು.

ಯಲಹಂಕದ ಹಳೇ ಊರಿನ ಒಂದು ಓಣಿಯಲ್ಲಿ ಹನುಮಂತರಾಯಪ್ಪನವರ ಮನೆ. ಬಾಗಿಲ ಮುಂದೆ ಮಕ್ಕಳ ಎರಡು ಕಾರು, ನಾಲ್ಕು ಬೈಕು ಸಾಲಾಗಿ, ಎಲ್ಲಕ್ಕೂ ಹಾರ. ಪೂಜಾರಿ ಆರತಿ ತಟ್ಟೆ ಹಿಡಿದಿದ್ದರು. ಲಾರಿ ಓಣಿಗೆ ತಿರುಗಿದಾಗ ಎಲ್ಲರೂ ತಿರುಗಿ ನೋಡಿದರು. ಒಳಗಿನಿಂದ ಹನುಮಂತರಾಯಪ್ಪ ಬಂದರು. ಎತ್ತರದ ಆಳು, ಪಂಚೆ, ಕಪ್ಪು ಕನ್ನಡಕ; ಹೋದ ತಿಂಗಳು ಕಣ್ಣಿನ ಆಪರೇಷನ್ ಆಗಿತ್ತಂತೆ. ಮೆಟ್ಟಿಲ ಮೇಲೆ ನಿಂತು ತಲೆ ಒಂದು ಕಡೆಗೆ ವಾಲಿಸಿ ಕೇಳಿದರು. ತಮ್ಮನಿಗೆ ಬಾ ಅನ್ನಲಿಲ್ಲ.

"ಆಫ್ ಮಾಡು," ಎಂದರು.

ಮುನಿರಾಜಣ್ಣ ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ. ಆಫ್ ಮಾಡಿದರು. ಓಣಿಯೆಲ್ಲ ಒಮ್ಮೆಲೇ ಬಿಕೋ ಎಂದಿತು.

"ಈಗ್ ಸ್ಟಾರ್ಟ್ ಮಾಡು."

ಹಬ್ಬದ ದಿನ, ಅಷ್ಟು ಜನರ ಮುಂದೆ, ಬಿಸಿ ಎಂಜಿನ್ನು. ನನಗೆ ತಿಳಿದ ದೇವರನ್ನೆಲ್ಲ ಕರೆದೆ. ಸ್ವಿಚ್ಚು ಒತ್ತಿದ್ದೇ ತಡ, ಹಿಡಿಯಿತು. ಹನುಮಂತರಾಯಪ್ಪ ಮೆಟ್ಟಿಲಿಳಿದು ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತರು.

"ಟೈಮಿಂಗ್ ಯಾರಿಟ್ರು?"

"ನಾವೇ," ಎಂದರು ಮುನಿರಾಜಣ್ಣ. "ನಾನು, ಇವ್ಳು, ನಮ್ ಬಸವರಾಜು."

ಅಣ್ಣ ಮಗನ ಕಡೆ ತಿರುಗಿ, "ಗುಜರಿಯವ್ನಿಗ್ ಫೋನ್ ಮಾಡು, ಬರ್ಬ್ಯಾಡ ಅನ್ನು. ಗಾಡಿ ನಿಮ್ ಚಿಕ್ಕಪ್ಪಂದು," ಎಂದರು. ಹೊಗಳಿಕೆಯ ಒಂದು ಮಾತೂ ಬರಲಿಲ್ಲ. ಜಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪೂಜೆಯಾಯಿತು, ಕುಂಬಳಕಾಯಿ ಒಡೆದರು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಇನ್ನು ಗಾಡಿಯನ್ನು ಅವುಗಳ ಮೇಲೆ ಹಾಯಿಸಬೇಕು. ಆಗ ಮುನಿರಾಜಣ್ಣ ಒಂದು ಕೆಲಸ ಮಾಡಿದರು. ಯಾರೂ ಹೇಳದಿದ್ದರೂ ಸೀಟಿನಿಂದ ಇಳಿದು, ಬಾಗಿಲು ತೆರೆದು ಹಿಡಿದುಕೊಂಡು, ಅಣ್ಣ ಹತ್ತಲಿ ಎಂದು ಪಕ್ಕಕ್ಕೆ ನಿಂತರು. ಗೆದ್ದ ಮೇಲೂ ಕಾಲು ಕ್ಲೀನರಿನ ಜಾಗಕ್ಕೇ ಹೋಗಿ ನಿಂತಿತ್ತು. ನನಗೆ ಅವರ ಮೇಲೆ ಕೋಪವೇ ಬಂತು.

ಹನುಮಂತರಾಯಪ್ಪ ತೆರೆದ ಬಾಗಿಲವರೆಗೆ ಬಂದರು. ತಮ್ಮನನ್ನು ನೋಡಿದರು.

"ನನ್ ಕಣ್ಣಿಗೆ ನಿಂಬೆಹಣ್ಣ್ ಕಾಣಾಕಿಲ್ಲ ಕಣೋ," ಎಂದರು. "ನೀನತ್ತು."

ಹಾಗೆಂದು ಲಾರಿಯ ಮುಂದಿನಿಂದ ಸುತ್ತಿ, ಬಾನೆಟ್ಟನ್ನು ತಡವುತ್ತ ಹೋಗಿ, ಎಡಗಡೆಯ ಬಾಗಿಲು ತೆಗೆದು, ಎರಡು ಸಲ ಕಾಲು ಜಾರಿ, ಮೂರನೇ ಸಲ ಹತ್ತಿ ಕೂತರು. ನಿಂಬೆಹಣ್ಣುಗಳು ಚಪ್ ಎಂದವು. ಲಾರಿ ನಿಲ್ಲಲಿಲ್ಲ. ಓಣಿಯ ತುದಿಯವರೆಗೆ ಹೋಯಿತು, ಮೂಲೆ ತಿರುಗಿತು, ಸದ್ದು ದೂರವಾಯಿತು.

"ಎಲ್ಲಿಗೋದ್ರು ಇವ್ರು?" ಎಂದರು ಜಯಮ್ಮ. ಯಾರಿಗೂ ಗೊತ್ತಿರಲಿಲ್ಲ.

ಊಟ ಮುಗಿಸಿದೆ, ಹೋಳಿಗೆ ಎರಡಲ್ಲ ಮೂರು. ಇನ್ನೂ ಅವರು ಬರಲಿಲ್ಲ. ನನಗೆ ಕೂರಲಾಗಲಿಲ್ಲ, ಜಯಮ್ಮನಿಗೆ ಹೇಳಿ ಬಸ್ ನಿಲ್ದಾಣಕ್ಕೆ ನಡೆದೆ. ಜಾಲಹಳ್ಳಿ ಕ್ರಾಸಿನ ಬಸ್ಸು ಸಿಕ್ಕಿತು, ಟಿಕೆಟ್ಟು ಇಪ್ಪತ್ತೈದು ರೂಪಾಯಿ, ಕಿಟಕಿ ಪಕ್ಕ ಸೀಟು. ಬಸ್ಸು ಹೊರಟು ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಆ ಸದ್ದು ಕೇಳಿತು, ಬೀಸುವ ಕಲ್ಲಿನಂಥದು. ಎದುರಿನಿಂದ ಲಾರಿ ಬರುತ್ತಿತ್ತು. ಮುನಿರಾಜಣ್ಣ ನೇರವಾಗಿ ಮುಂದೆ ನೋಡುತ್ತಿದ್ದರು, ಬೇರೆ ಏನೂ ಅವರಿಗೆ ಕಾಣುತ್ತಿರಲಿಲ್ಲ. ಎಡಗಡೆಯ ಕಿಟಕಿಯಿಂದ ಅವರ ಅಣ್ಣ, ಕಪ್ಪು ಕನ್ನಡಕ ಹಾಕಿಕೊಂಡೇ, ಅರ್ಧ ಮೈ ಹೊರಗೆ ಹಾಕಿ, ಅಡ್ಡ ಬಂದ ಸ್ಕೂಟರಿನವನಿಗೆ ಕೈ ಬೀಸಿ ಸರಿಯಲು ಹೇಳಿ, ಬಾಗಿಲ ತಗಡನ್ನು ಎರಡು ಸಲ ಬಡಿದು, "ರೈಟ್, ರೈಟ್, ಓಗ್ಲಿ ಓಗ್ಲಿ" ಎಂದು ತಮ್ಮನಿಗೆ ದಾರಿ ಹೇಳುತ್ತಿದ್ದರು.